ಒಂಬತ್ತನೇ ಕಲ್ಲು, ಮೂರು ಚುಕ್ಕೆ

ನನ್ನ ಅಡುಗೆಮನೆಯ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದೆ. ಚೀಟಿಯ ಮೇಲೆ ಬರೆದದ್ದೇ ಒಳಗೆ ಇರುತ್ತದೆ. ಬಂದವರು ನೋಡಿ ಮೆಚ್ಚಿಕೊಂಡರೆ ನಾನು ಮಾತು ಬದಲಿಸುತ್ತೇನೆ. ಅಚ್ಚುಕಟ್ಟಿನ ಹೆಸರಿನಲ್ಲಿ ಮಾಡಿದ ಒಂದು ಕೆಲಸ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಅದು ನಡೆದು ಅರವತ್ತು ವರ್ಷಕ್ಕೂ ಹೆಚ್ಚಾಯಿತು. ಆದರೂ ಕಿವಿ ಬಿಸಿಯಾಗುವುದು ನಿಂತಿಲ್ಲ.

ಆಗ ನನಗೆ ಇಪ್ಪತ್ತೆರಡು. ಮೈಸೂರಿನಲ್ಲಿ ಉಪಾಧ್ಯಾಯಿನಿಯರ ತರಬೇತಿ ಮುಗಿಸಿ ಪಿರಿಯಾಪಟ್ಟಣದ ಹೆಣ್ಣುಮಕ್ಕಳ ಶಾಲೆಗೆ ಬಂದಿದ್ದೆ. ತರಬೇತಿಯ ಹಾಸ್ಟೆಲಿನಲ್ಲಿ ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು, ಓದುವುದಕ್ಕೊಂದು. ಹಾಸಿಗೆಯ ಅಂಚು ಗೋಡೆಗೆ ಸಮನಾಗಿಲ್ಲದಿದ್ದರೆ ವಾರ್ಡನ್ನರು ಇಡೀ ಹಾಸಿಗೆಯನ್ನು ಎಳೆದುಹಾಕಿ ಮತ್ತೆ ಹಾಸಿಸುತ್ತಿದ್ದರು. ಉಳಿದ ಹುಡುಗಿಯರು ಅತ್ತರು. ನಾನು ಅಳಲಿಲ್ಲ. ನನಗೆ ಅದು ಹಿಡಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ವಕ್ರವಾಗಿದ್ದದ್ದನ್ನು ಕಂಡರೆ ಕೈ ತಾನಾಗಿ ಮುಂದೆ ಹೋಗುವಂತಾಗಿತ್ತು.

ಪಿರಿಯಾಪಟ್ಟಣದಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮುಂದೆ ಅಂಗಡಿ, ಹಿಂದೆ ಮನೆ. ಊರಿನವರೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಎರಡೂ ಕಣ್ಣಿಗೆ ಆಗಲೇ ಪೊರೆ ಬರಲು ತೊಡಗಿತ್ತು. ಸುತ್ತಲ ಹಳ್ಳಿಗಳ ಹೆಂಗಸರು ಮನೆಯಲ್ಲಿ ಮದುವೆ ಬಂತೆಂದರೆ ಒಡೆದ ತಂಬಿಗೆ, ತಟ್ಟೆ, ಹಂಡೆಯ ಚೂರುಗಳನ್ನು ಗಂಟುಕಟ್ಟಿ ತರುತ್ತಿದ್ದರು. ತಾಮ್ರ ತೂಗಿ ಕೊಟ್ಟು ಹೊಸ ಪಾತ್ರೆ ಒಯ್ಯುವುದು ವಾಡಿಕೆ. ತೂಕಕ್ಕೆ ಒಂದಿಷ್ಟು ಸಾಲದೆ ಬಂದಾಗ ಮಕ್ಕಳ ಉಡಿದಾರದ ಕಾಸನ್ನೂ ಬಿಚ್ಚಿ ತಕ್ಕಡಿಗೆ ಹಾಕುತ್ತಿದ್ದರು. ಹೆಚ್ಚಾಗಿ ಹಳೆಯ ಮೈಸೂರಿನ ಆನೆ ಕಾಸು. ಒಂದು ಕಡೆ ಆನೆ, ದಾರ ಪೋಣಿಸಲು ಕೊರೆದ ಒಂದು ತೂತು.

ಯಜಮಾನರು ತಾಮ್ರವನ್ನೆಲ್ಲ ಕರಗಿಸಲು ಕಳಿಸುತ್ತಿದ್ದರು, ಕಾಸುಗಳನ್ನು ಮಾತ್ರ ಕಳಿಸುತ್ತಿರಲಿಲ್ಲ. ಒಂದೊಂದನ್ನೂ ಒಂದೊಂದು ಕಾಗದದ ಪೊಟ್ಟಣದಲ್ಲಿ ಮಡಿಸಿ ಮೇಲೊಂದು ನಂಬರು ಬರೆದು ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಕೆಲವು ನಾಣ್ಯಗಳು ಅವರ ಕುತೂಹಲಕ್ಕೆ ಕೂಡಿಟ್ಟವು. ಉಳಿದವು ಕಾಸು ಕೊಟ್ಟ ಮನೆಯವರು ಕೇಳಿಕೊಂಡು ಬಂದಾಗ ಅಷ್ಟೇ ತೂಕದ ತಾಮ್ರಕ್ಕೆ ವಾಪಸು ಕೊಡುವಂಥವು. ಆ ಮಾತನ್ನು ಅವರ ತಂದೆಯ ಕಾಲದಿಂದ ನಡೆಸಿಕೊಂಡು ಬಂದಿದ್ದರು, ನನಗೆ ಅದು ತಿಳಿದದ್ದು ಆಮೇಲೆ. ನಯಾ ಪೈಸೆ ಚಲಾವಣೆಗೆ ಬಂದ ಹೊಸತರಲ್ಲಿ ಹಳೆಯ ಕಾಸುಗಳು ಇನ್ನೂ ಹೆಚ್ಚಾಗಿ ಬಂದು ಪೆಟ್ಟಿಗೆ ತುಂಬಿತು. ಒಟ್ಟು ನೂರ ಹದಿನೆಂಟು ಪೊಟ್ಟಣ.

ಒಂದು ದಿನ ಯಜಮಾನರು ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. "ಮೇಷ್ಟ್ರಮ್ಮ, ಕಾಗ್ದ ಎಲ್ಲಾ ಹರಿದೋಗ್ತಾ ಅವೆ. ಮಸಿ ಮಾಸದೆ. ನನ್ಗೆ ಕಣ್ಣು ಕಾಣಕಿಲ್ಲ. ನಿಮ್ಮ ಅಕ್ಷರ ಮುತ್ತಿನಂಗಿದೆ. ಹೊಸ ಕಾಗ್ದಕ್ಕೆ ಇದ್ದಂಗೇ ಬರ್ದು ಕೊಡಿ."

ಇದ್ದಂಗೇ. ಅವರು ಹೇಳಿದ ಪದ ನನಗೆ ಚೆನ್ನಾಗಿ ಕೇಳಿಸಿತ್ತು.

ನಾನು ಪೊಟ್ಟಣಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿದೆ. ತಲೆ ಕೆಟ್ಟಿತು. ಒಂದನೆಯ ನಂಬರಿನವು ನಾಲ್ಕು, ಆರರವು ಏಳು. ಒಂಬತ್ತರವು ಐದು. ಹತ್ತು ಮುಗಿಯುತ್ತಿದ್ದಂತೆ ಒಮ್ಮೆಗೇ ಮೂವತ್ತೊಂದು. ನಡುವೆ ಇಪ್ಪತ್ತು ನಂಬರು ಮಾಯ. ಸಾಲದ್ದಕ್ಕೆ ಬಹಳಷ್ಟು ಪೊಟ್ಟಣಗಳ ಮೇಲೆ ನಂಬರಿನ ಕೆಳಗೆ ಮಸಿಯ ಚುಕ್ಕೆಗಳು, ಕೆಲವಕ್ಕೆ ಒಂದು, ಕೆಲವಕ್ಕೆ ಮೂರು. ಲೇಖನಿ ಕೊಡವುವಾಗ ಸಿಡಿದ ಹನಿಗಳೆಂದು ನಾನು ತೀರ್ಮಾನಿಸಿದೆ. ಅಂಗಡಿಯವರಿಗೆ ಪಾಪ, ಎಣಿಕೆ ತಪ್ಪಿದೆ ಎಂದುಕೊಂಡೆ. ಒಂದು ಮಾತು ಕೇಳಬಹುದಿತ್ತು. ಅವರು ಹತ್ತು ಹೆಜ್ಜೆ ಆಚೆ ಗದ್ದಿಗೆಯ ಮೇಲೆ ಕೂತಿದ್ದರು. ತಪ್ಪು ಕಂಡಾಗ ತಿದ್ದುವುದು ನನ್ನ ಕೆಲಸ, ಕೇಳುವುದಲ್ಲ ಎಂಬುದು ಆಗಿನ ನನ್ನ ಬುದ್ಧಿ.

ನಾಣ್ಯಗಳ ನಂಬರಿನ ವಿಚಾರ ನನಗೆ ಪೂರಾ ಹೊಸದೂ ಅಲ್ಲ. ಹುಣಸೂರಿನಲ್ಲಿ ನನ್ನ ಸೋದರಮಾವ ಇದ್ದರು. ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು, ನಾಣ್ಯ ಸಂಗ್ರಹದ ಹುಚ್ಚಿನವರು. ಅವರ ಬಳಿ ರಟ್ಟು ಕಳಚಿದ ಒಂದು ಇಂಗ್ಲಿಷ್ ಕ್ಯಾಟಲಾಗು ಇತ್ತು. ನಾಣ್ಯಗಳಿಗೆಲ್ಲ ಅದರಲ್ಲಿ ನಂಬರು. ರಜೆಯಲ್ಲಿ ಹೋದಾಗ ಅದನ್ನು ತಿರುವಿ ಹಾಕಿದ್ದೆ. ಅಲ್ಲಿಯೂ ನಲವತ್ತು ಆದ ಮೇಲೆ ನಲವತ್ತು ಎ, ನಲವತ್ತು ಬಿ, ಆಮೇಲೆ ನೇರ ನಲವತ್ತೆರಡು.

"ನಲವತ್ತೊಂದು ಎಲ್ಲಿ ಮಾವ?" ಎಂದು ಕೇಳಿದ್ದೆ.

"ಇಲ್ಲ. ಅಂಥದ್ದೊಂದು ನಾಣ್ಯ ಇದೆ ಅಂತ ಯಾರೋ ಪುಸ್ತಕ ಬರೆದವರಿಗೆ ಹೇಳಿದ್ರಂತೆ. ನಂಬರು ಕೊಟ್ಟರು. ಆಮೇಲೆ ನೋಡಿದ್ರೆ ನಾಣ್ಯಾನೇ ಇಲ್ಲ."

"ಹಾಗಾದ್ರೆ ನಲವತ್ತೆರಡನ್ನ ನಲವತ್ತೊಂದು ಮಾಡಬೇಕಿತ್ತು. ಎ, ಬಿ ಗಳಿಗೂ ಬೇರೆ ನಂಬರು ಕೊಡಬೇಕಿತ್ತು."

ಮಾವ ನಕ್ಕರು. "ಆ ಹೊತ್ತಿಗೆ ಎಷ್ಟು ಊರಲ್ಲಿ ಎಷ್ಟು ಜನ ಪೆಟ್ಟಿಗೆ ಒಳಗೆ ನಲವತ್ತೆರಡು ಅಂತ ಬರ್ಕೊಂಡಿದ್ದಾರೋ. ನೀನು ಮನೆಮನೆಗೆ ಹೋಗಿ ತಿದ್ದಿ ಬರ್ತೀಯಾ? ಒಂದ್ಸಲ ಕೊಟ್ಟ ನಂಬರು ಮುಟ್ಟಬಾರದು ಕಣೇ. ಅದು ಲೆಕ್ಕ ಅಲ್ಲ, ಹೆಸರು."

ನನಗೆ ಅದು ಪುಸ್ತಕ ಬರೆದವರ ಸೋಮಾರಿತನಕ್ಕೆ ಮಾವ ಹೊದಿಸಿದ ಶಾಲಿನಂತೆ ಕಂಡಿತ್ತು.

ಅದೇ ಕ್ಯಾಟಲಾಗಿನ ಮಾದರಿ ಹಿಡಿದು ಯಜಮಾನರ ಪೆಟ್ಟಿಗೆಯನ್ನು ತಿದ್ದಿದೆ. ಮೊದಲು ಬೆಳ್ಳಿ, ಆಮೇಲೆ ತಾಮ್ರ. ತಾಮ್ರದಲ್ಲಿ ದೊಡ್ಡದು, ಸಣ್ಣದು. ಆನೆ ಎಡಕ್ಕೆ ಮುಖ ಮಾಡಿದ್ದು, ಬಲಕ್ಕೆ ಮಾಡಿದ್ದು. ಎರಡು ಭಾನುವಾರ, ಎಂಟು ಸಂಜೆ. ಗೆರೆ ಹಾಕಿದ ಬಿಳಿ ಕಾಗದ ಅಳತೆಗೆ ಕತ್ತರಿಸಿ, ಒಂದೇ ಥರ ಮಡಿಸಿ, ಒಂದರಿಂದ ನೂರ ಹದಿನೆಂಟರವರೆಗೆ ನಂಬರು ಬರೆದೆ. ಜೊತೆಗೆ ಒಂದು ನೋಟುಪುಸ್ತಕದಲ್ಲಿ ಪಟ್ಟಿ. ಎಲ್ಲಿಯೂ ಒಂದು ನಂಬರು ಬಿಟ್ಟುಹೋಗಿಲ್ಲ, ಎರಡು ಸಲ ಬಂದಿಲ್ಲ. ಹಳೆಯ ಪೊಟ್ಟಣಗಳನ್ನು ಬುಟ್ಟಿಗೆ ತುಂಬಿ ಸೋಮವಾರ ಬೆಳಿಗ್ಗೆ ಬಚ್ಚಲ ಒಲೆಗೆ ಹಾಕಿದೆ. ನೀರು ಬೇಗ ಕಾಯಿತು.

ಯಜಮಾನರು ಹೊಸ ಪೊಟ್ಟಣಗಳನ್ನು ಬೆರಳಲ್ಲಿ ಸವರಿ ನೋಡಿದರು. ಅವರಿಗೆ ಅಂಚಿನ ಮಡಿಕೆ ತಿಳಿಯುತ್ತಿತ್ತು, ಅಂಕಿ ತಿಳಿಯುತ್ತಿರಲಿಲ್ಲ. "ಎಷ್ಟು ನೀಟಾಗಿ ಮಾಡಿದ್ದೀರವ್ವ," ಎಂದರು. ನಾನು ನಂಬರು ಬದಲಿಸಿದ್ದನ್ನು ಹೇಳಲಿಲ್ಲ. ಆಮೇಲೆ ಹೇಳಿ ಬೆರಗುಗೊಳಿಸೋಣ ಎಂದುಕೊಂಡೆ.

ಮುಂದಿನ ರಜೆಗೆ ಪಟ್ಟಿಯ ನೋಟುಪುಸ್ತಕ ಹಿಡಿದು ಹುಣಸೂರಿಗೆ ಹೋದೆ. ಮಾವ ಹೊಗಳಬೇಕೆಂಬ ಆಸೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಹಾಳೆ ನೋಡಿದರು, ಎರಡನೆಯದು ನೋಡಿದರು, ಮತ್ತೆ ಮೊದಲನೆಯದಕ್ಕೆ ಬಂದರು.

"ಹಳೇ ನಂಬರು ಯಾವ ಕಾಲಮ್ಮಿನಲ್ಲಿದೆ?"

ನಾನು ಅಂಥ ಕಾಲಮ್ಮು ಹಾಕಿರಲಿಲ್ಲ. "ಬೇರೆ ಪುಸ್ತಕದಲ್ಲಿದೆ ಮಾವ, ಅಲ್ಲೇ ಬಿಟ್ಟು ಬಂದೆ," ಎಂದೆ.

"ಹಂಗಾದ್ರೆ ಸರಿ," ಎಂದು ಅವರು ಪುಸ್ತಕ ಹಿಂದಕ್ಕೆ ಕೊಟ್ಟರು. ಈ ವಿಚಾರದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಆದರೂ ಹಳೆಯ ನಂಬರುಗಳಿಗೆ ಏನಾದರೂ ಅರ್ಥವಿದ್ದೀತೆಂದು ನನಗಿನ್ನೂ ತೋರಿರಲಿಲ್ಲ.

ಅರ್ಥ ತಿಳಿದದ್ದು ಒಂದು ಶನಿವಾರ. ಶಾಲೆ ಅರ್ಧ ದಿನ, ನಾನು ಅಂಗಡಿಯಲ್ಲಿ ಕೂತಿದ್ದೆ. ಬೆಟ್ಟದಪುರದ ಕಡೆಯ ಬಸ್ಸಿನಿಂದ ಇಳಿದು ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದಳು. ಸೆರಗಿನ ಗಂಟಿನಲ್ಲಿ ಒಂದು ತಾಮ್ರದ ಚೂರು.

"ಯಜಮಾನ್ರೇ, ಒಂಬತ್ತನೇ ಕಲ್ಲು, ಮೂರು ಚುಕ್ಕೆ. ನಮ್ ಕಾಸು ಕೊಡಿ. ಗುರ್‌ವಾರ ಮಗೀಗೆ ಹೆಸ್ರು ಕಟ್ತೀವಿ."

"ಮೊಮ್ಮಗನೋ ಮೊಮ್ಮಗಳೋ?"

"ಮೊಮ್ಮಗ್ಳು ಕಣಪ್ಪ."

"ಎಣ್ಮಗೀಗೆ ಆನೆ ಕಾಸಾ? ಉಡಿದಾರಾನೇ ಜಗ್ಗೋದಾತು."

"ನಮ್ಮನೆ ಎಣ್ಮಕ್ಳು ಗದ್ದೆಗೆ ಬಂದ ಆನೇನೇ ಓಡಿಸ್ತರೆ, ಬುಡಿ."

ಯಜಮಾನರು ನಗುತ್ತ ನನ್ನ ಕಡೆ ತಿರುಗಿದರು. "ಮೇಷ್ಟ್ರಮ್ಮ, ಒಂಬತ್ತು, ಮೂರು ಚುಕ್ಕೆ. ತೆಗ್ದು ಕೊಡಿ."

ಅವಳಾಡಿದ ಕಲ್ಲು ಎಂಬ ಪದ ನನ್ನ ತಲೆಯಲ್ಲಿ ನಿಂತುಬಿಟ್ಟಿತು. ಬೆಟ್ಟದಪುರದ ರಸ್ತೆಯ ಮೈಲಿಗಲ್ಲುಗಳು ಪಿರಿಯಾಪಟ್ಟಣದಿಂದ ಒಂದು, ಎರಡು ಎಂದು ಹೋಗಿ ಹತ್ತಕ್ಕೆ ಮುಗಿಯುತ್ತಿದ್ದವು. ಹುಣಸೂರಿನ ರಸ್ತೆಯ ಕಲ್ಲುಗಳ ಎಣಿಕೆ ಮೈಸೂರಿನಿಂದ. ಆದ್ದರಿಂದ ನಮ್ಮ ಕಡೆ ಅವು ಮೂವತ್ತರ ಮೇಲಿನವು. ನಾಣ್ಯ ಬಂದ ಹಳ್ಳಿಯ ಮೈಲಿಗಲ್ಲೇ ಅದರ ನಂಬರು. ಆ ಹಳ್ಳಿಯಿಂದ ಮೂರನೆಯದಾಗಿ ಕಾಸು ಕೊಟ್ಟ ಮನೆಯಾದರೆ ಮೂರು ಚುಕ್ಕೆ. ರಸೀದಿ ಇಲ್ಲ, ಪುಸ್ತಕ ಇಲ್ಲ. ಓದು ಬಾರದ ಹೆಂಗಸರು ತಮ್ಮ ಕಲ್ಲನ್ನೂ ಚುಕ್ಕೆಯನ್ನೂ ಬಾಯಿಪಾಠವಾಗಿ ಇಟ್ಟುಕೊಂಡಿದ್ದರು, ಅತ್ತೆ ಸೊಸೆಗೆ ಹೇಳಿಕೊಡುತ್ತಿದ್ದಳು. ಬಿಟ್ಟುಹೋಗಿದ್ದ ನಂಬರುಗಳು ಬಿಟ್ಟುಹೋದವಲ್ಲ. ಎರಡೆರಡು ಸಲ ಬಂದವು ತಪ್ಪಲ್ಲ.

ವಿವರ ಆಮೇಲೆ ತುಂಬಿಕೊಂಡಿತು, ತಿರುಳು ಮಾತ್ರ ಪೆಟ್ಟಿಗೆಯ ಮುಚ್ಚಳ ತೆಗೆಯುವಷ್ಟು ಹೊತ್ತಿನಲ್ಲಿ ತಿಳಿಯಿತು. ನನ್ನ ಒಂಬತ್ತನೆಯ ಪೊಟ್ಟಣದಲ್ಲಿ ಒಂದು ಬೆಳ್ಳಿಯ ನಾಣ್ಯವಿತ್ತು. ತೂತಿದ್ದ ಆನೆ ಕಾಸುಗಳು ಪೆಟ್ಟಿಗೆಯಲ್ಲಿ ಅರವತ್ತಕ್ಕೂ ಹೆಚ್ಚು ಇದ್ದವು. ಯಾವುದು ಇವಳದು? ಆಗಲೇ ಹೇಳಿಬಿಡಬೇಕಿತ್ತು. ಕೈಗೆ ಸಿಕ್ಕ ಐವತ್ತೊಂದನೆಯ ಪೊಟ್ಟಣ ಬಿಚ್ಚಿ ಒಳಗಿನ ಕಾಸನ್ನು ಅವಳ ಅಂಗೈಗೆ ಹಾಕಿದೆ.

ಅವಳು ಅದನ್ನು ತಿರುಗಿಸಿ ನೋಡಿದಳು. ಮತ್ತೆ ತಿರುಗಿಸಿದಳು.

"ಇದಾ ಅವ್ವಾ?"

"ಹೌದು. ಪುಸ್ತಕದಲ್ಲಿ ಬರೆದಿದೆ," ಎಂದೆ.

ನೋಟುಪುಸ್ತಕವನ್ನು ಕೈಯಲ್ಲಿ ಎತ್ತಿಯೂ ತೋರಿಸಿದೆ. ಅವಳು ಪುಸ್ತಕವನ್ನು ನೋಡಿದಳು, ನನ್ನನ್ನು ನೋಡಿದಳು. ಕಾಸನ್ನು ಸೆರಗಿಗೆ ಗಂಟು ಹಾಕಿಕೊಂಡು ತಾಮ್ರದ ಚೂರು ತಕ್ಕಡಿಗೆ ಇಟ್ಟಳು. ಯಜಮಾನರು ಒಂದು ಸಣ್ಣ ಲೋಟವನ್ನು ಮಗುವಿಗೆಂದು ಕೊಟ್ಟರು. ಅವಳು ಬಸ್ಸಿಗೆ ಹೋದಳು.

ಅಂದಿನಿಂದ ನಾನು ಒಂದು ಉಪಾಯ ಮಾಡಿದೆ. ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟದಂತೆ ನನ್ನ ಕೋಣೆಯಲ್ಲಿ ಇಟ್ಟುಕೊಂಡೆ. ಯಾರಾದರೂ ಕಾಸು ಕೇಳಿಕೊಂಡು ಬಂದರೆ ಮೊದಲು ಕಾಸು ಹೇಗಿತ್ತು, ಅಂಚು ಸವೆದಿತ್ತೇ, ಆನೆಯ ಮುಖ ಯಾವ ಕಡೆ ಎಂದು ವಿಚಾರಿಸುತ್ತಿದ್ದೆ. ಹಾಗೆ ಇಬ್ಬರಿಗೆ ಅವರದೇ ಕಾಸು ಹುಡುಕಿ ಕೊಟ್ಟೆ ಎಂದು ನಂಬಿದ್ದೇನೆ. ಯಜಮಾನರಿಗೆ ಇದು ವಿಚಿತ್ರವಾಗಿ ಕಂಡಿತು. "ಏನವ್ವ, ಕಳ್ರನ್ನ ಹಿಡ್ದಂಗೆ ಕೇಳ್ತೀರಲ್ಲ. ಕಲ್ಲು ಹೇಳಿದ್ರೆ ಸಾಕು," ಎಂದರು. ನಾನು ಪಾಠದ ದನಿಯಲ್ಲಿ, ಎರಡು ಸಲ ನೋಡಿ ಕೊಡುವುದು ಒಳ್ಳೆಯದು ಎಂದೆ.

ಕೆಲವು ವಾರ ಕಳೆದ ಮೇಲೆ ಯಜಮಾನರು ಮಾತಿನ ನಡುವೆ ತಾವಾಗಿ ಹೇಳಿದರು. "ಅಲ್ಲಾ, ಆವತ್ತು ಒಂಬತ್ತು, ಮೂರು ಚುಕ್ಕೆ ಕಾಸು ಕೊಟ್ರಲ್ಲ, ನೋಡಿದ್ರಾ ಅದ್ರ ತೂತ? ಎಲ್ಲರೂ ಆನೆ ಕಾಲ ತಾವ ಕೊರಿಸ್ತರೆ. ಕಟ್ಟಿದ್ರೆ ಆನೆ ತಲೆಕೆಳಗು. ಅವ್ರತ್ತೆ ಹಟ ಹಿಡಿದು ಬೆನ್ ಮೇಲೆ ಕೊರ್ಸಿದ್ಲು. ಆ ಪೆಟ್ಟಿಗೇಲಿ ನೆಟ್ಟಗೆ ನಿಂತಿರೋ ಆನೆ ಅದೊಂದೇ."

ಕೋಣೆಗೆ ಹೋಗಿ ಉಳಿದ ತೂತಿನ ಕಾಸುಗಳನ್ನು ಒಂದೊಂದಾಗಿ ಬಿಚ್ಚಿದೆ. ನಲವತ್ತಮೂರನೆಯ ಪೊಟ್ಟಣದಲ್ಲಿ ಅದು ಇತ್ತು. ಆನೆಯ ಬೆನ್ನಿನ ಮೇಲೆ ತೂತು, ದಾರ ಉಜ್ಜಿ ಉಜ್ಜಿ ಅಂಚು ನುಣುಪಾಗಿತ್ತು. ನಾನು ಮೊದಲ ಸಲ ಅದನ್ನು ಮಡಿಸಿಡುವಾಗ ಗಮನಿಸಿರಲೇ ಇಲ್ಲ. ಆನೆ ಎಡಕ್ಕೋ ಬಲಕ್ಕೋ ಎಂದಷ್ಟೇ ನೋಡಿದ್ದೆ, ಕ್ಯಾಟಲಾಗಿನಲ್ಲಿ ತೂತಿಗೆ ಕಾಲಮ್ಮಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಒಂಬತ್ತನೇ ಕಲ್ಲಿನಲ್ಲಿ ಇಳಿಸು ಎಂದರೆ ಕಂಡಕ್ಟರು ಮರುಮಾತಿಲ್ಲದೆ ಇಳಿಸಿದ. ರಸ್ತೆಯ ಬದಿಗೆ ಹೊಗೆಸೊಪ್ಪಿನ ಹೊಲ, ಆಚೆ ಹತ್ತು ಹದಿನೈದು ಮನೆ. ಮೊಮ್ಮಗಳಿಗೆ ಆನೆ ಕಾಸು ಕಟ್ಟಿದ ಮನೆ ಯಾವುದು ಎಂದು ಕೇಳಿದೆ. ತೋರಿಸಿದರು.

ಅವಳು ಜಗುಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ಪಕ್ಕದಲ್ಲಿ ಚಾಪೆಯ ಮೇಲೆ ಮಗು. ಸೊಂಟದ ಕಪ್ಪು ದಾರದಲ್ಲಿ ನಾನು ಕೊಟ್ಟ ಕಾಸು, ಆನೆಯ ಕಾಲು ಮೇಲಕ್ಕೆ. ನಾನು ನಿಂತಲ್ಲೇ ಹೇಳಿದೆ. ನಂಬರು ಬದಲಿಸಿದ್ದು, ಹಳೆಯ ಕಾಗದ ಸುಟ್ಟದ್ದು, ಸುಳ್ಳು ಹೇಳಿದ್ದು. ನಲವತ್ತಮೂರರ ಕಾಸನ್ನು ಅವಳ ಮುಂದಿಟ್ಟೆ.

ಅವಳು ಮೊರ ಕೆಳಗಿಟ್ಟು ಕಾಸನ್ನು ಕಣ್ಣಿಗೆ ಒತ್ತಿಕೊಂಡಳು. "ಇದೇ ಕಣವ್ವ."

"ಅವತ್ತೇ ನಿಮಗೆ ಗೊತ್ತಾಯ್ತಾ?"

"ಅಂಗ್ಡೀಲೇ ಗೊತ್ತಾಯ್ತು. ನಮ್ ಆನೆ ನಿಂತಿರೋದಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಪುಸ್ತಕದಾಗೆ ಬರ್ದದೆ ಅಂದ್ರಲ್ಲ ನೀವು. ಓದ್ದೋರು. ನಂಗೇ ಮರ್ತೋಗದೇನೋ ಅನ್ಕಂಡೆ. ಬಸ್ಸಲ್ಲಿ ಬರೋವಾಗ ನಮ್ಮತ್ತೆ ಕಟ್ಟಿದ್ನ ಒಂದೊಂದಾಗಿ ನೆನೆಸ್ಕಂಡೆ. ಎಲ್ಲಾನೂ ತಪ್ಪಾಗಿ ನೆನಪಿಟ್ಕಂಡಿದೀನೇನೋ ಅನ್ನಿಸ್ಬುಡ್ತು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಓದು ಕಲಿಸುವವಳು ನಾನು. ಓದು ಬಾರದವಳ ನೆನಪಿನ ಮೇಲೆ ಅವಳಿಗೇ ಅನುಮಾನ ಬರುವಂತೆ ಮಾಡಿದ್ದೆ, ಅದಕ್ಕೆ ಒಂದು ನೋಟುಪುಸ್ತಕ ಎತ್ತಿ ತೋರಿಸಿದ್ದೆ.

ತಪ್ಪು ಕಾಸನ್ನು ಬಿಚ್ಚಿ ಕೊಡಿ, ತೆಗೆದುಕೊಂಡು ಹೋಗುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. ಹೆಸರಿಟ್ಟ ದಿನ ಕಟ್ಟಿದ ಕಾಸನ್ನು ಮಗು ನಡೆಯುವ ತನಕ ಬಿಚ್ಚುವಂತಿಲ್ಲವಂತೆ. ತನ್ನ ಕಾಸನ್ನೂ ಅದೇ ದಾರಕ್ಕೆ ಪೋಣಿಸಿದಳು. ಒಂದು ಆನೆ ನಿಂತು, ಒಂದು ತಲೆಕೆಳಗಾಗಿ ಮಗುವಿನ ಹೊಟ್ಟೆಯ ಮೇಲೆ ಟಿಕ್ಕೆಂದು ತಾಗಿದವು. "ಅದು ಯಾರ ಮನೇದೋ ಪಾಪ. ಅವ್ರೂ ಯಾವ್ದೋ ಕಲ್ಲು ಬಾಯಿಪಾಠ ಮಾಡ್ಕಂಡಿರ್ತರೆ. ಕೇಳ್ಕಂಡು ಬಂದ್ರೆ ಇಲ್ಲಿಗೆ ಕಳ್ಸಿ, ಆಗ ಬಿಚ್ಕೊಡ್ತೀನಿ," ಎಂದಳು. ಮಜ್ಜಿಗೆ ಕೊಟ್ಟಳು. ಕುಡಿದು ಬಂದೆ.

ಅಂಗಡಿಯ ಬಾಗಿಲಲ್ಲಿ ಯಜಮಾನರು ನನ್ನ ಹೆಜ್ಜೆಯ ಸದ್ದು ಹಿಡಿದರು. "ಎಲ್ಲೋಗಿದ್ರಿ ಮೇಷ್ಟ್ರಮ್ಮ ಇಷ್ಟೊತ್ನಲ್ಲೇ?"

"ಒಂಬತ್ತನೇ ಕಲ್ಲಿಗೆ. ಮಗು ನೋಡಿ ಬರೋಣ ಅಂತ."

"ಒಳ್ಳೇ ಕೆಲ್ಸ. ಒಂಬತ್ತರಲ್ಲಿ ಇನ್ನಾ ನಾಲ್ಕು ಮನೇವು ಇಲ್ಲೇ ಅವೆ. ಒಂದು ಚುಕ್ಕೇದು ಅಂಚು ಸೀಳಿದ್ದು, ಎರಡು ಚುಕ್ಕೇದು ಬಲಕ್ಕೆ ತಿರ್ಗಿರೋ ಆನೆ..." ಎಂದು ಅವರು ಬೆರಳು ಮಡಿಸುತ್ತ ಹೇಳತೊಡಗಿದರು.

ನಾನು ಹೊಸಿಲಲ್ಲೇ ನಿಂತೆ. ಪೆಟ್ಟಿಗೆಯ ಅಷ್ಟೂ ಕಾಸು ಅವರ ತಲೆಯಲ್ಲಿದ್ದವು. ಸುಟ್ಟದ್ದು ಕಾಗದ ಮಾತ್ರ. ಅವರ ಮುಂದೆ ಕೂತು ಒಂದೊಂದಾಗಿ ಬರೆದುಕೊಂಡಿದ್ದರೆ ಎರಡು ಸಂಜೆಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತಿತ್ತು. ಅದಕ್ಕೆ ನಾನು ಆಡಬೇಕಿದ್ದದ್ದು ಒಂದೇ ವಾಕ್ಯ. ಒಂಬತ್ತು ಮೈಲಿ ಹೋಗಿ ಗುರುತಿಲ್ಲದವಳಿಗೆ ಹೇಳಿದ್ದನ್ನು, ದಿನಾ ಬೆಳಿಗ್ಗೆ ನನಗೆ ಬಿಸಿನೀರು ತೋಡಿಕೊಡಿ ಎಂದು ಮನೆಯವರಿಗೆ ಹೇಳುತ್ತಿದ್ದವರ ಮುಂದೆ ಹೇಳಲಾಗಲಿಲ್ಲ. ಅವರು ನನ್ನ ಅಕ್ಷರವನ್ನು ಊರೆಲ್ಲ ಹೊಗಳಿದ್ದರು. ಆ ಹೊಗಳಿಕೆ ನನಗೆ ಬೇಕಾಗಿತ್ತು. "ಸ್ನಾನ ಮಾಡಬೇಕು ಯಜಮಾನರೇ," ಎಂದು ಒಳಗೆ ಹೋದೆ. ನಾಳೆ ಹೇಳೋಣ ಎಂದುಕೊಂಡೆ. ವೇಳಾಪಟ್ಟಿ ಇಲ್ಲದೆ ನಾನು ಬದುಕಿನಲ್ಲಿ ಮುಂದೂಡಿದ ಕೆಲಸ ಅದೊಂದೇ.

ಆ ಬೇಸಿಗೆಯಲ್ಲಿ ನನಗೆ ಕೆ.ಆರ್. ನಗರಕ್ಕೆ ವರ್ಗವಾಯಿತು. ಯಜಮಾನರು ಬಸ್ ನಿಲ್ದಾಣದ ತನಕ ಮಗನ ಭುಜ ಹಿಡಿದು ಬಂದು ಕಳಿಸಿಕೊಟ್ಟರು. ಆಗಲೂ ಹೇಳಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು. ಮಗ ತಾಮ್ರದ ವಿನಿಮಯ ನಿಲ್ಲಿಸಿ ಅಲ್ಯೂಮಿನಿಯಂ ಪಾತ್ರೆ ತಂದ. ನಾನು ನೋಡಲು ಹೋದಾಗ ಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟ. "ಯಾರ್‍ಯಾರೋ ಬಂದು ಕಲ್ಲು, ಚುಕ್ಕೆ ಅಂತಾರೆ. ನೋಡಿದ್ರೆ ಅಂಥ ನಂಬರೇ ಇಲ್ಲ ಇದ್ರಲ್ಲಿ. ಅಪ್ಪಂಗೆ ಕೊನೆಕೊನೆಗೆ ಅರಳುಮರಳು ಆಗಿತ್ತೇನೋ. ನಿಮ್ಮ ಕೈಬರಹ ಇದೆ, ನೀವೇ ಇಟ್ಕೊಳ್ಳಿ," ಎಂದ.

ಅರಳುಮರಳು ಅಲ್ಲಪ್ಪ ಎಂದು ಅವನಿಗಾದರೂ ಹೇಳಿದೆ, ಪೂರ್ತಿ ಹೇಳಿದೆ. ಅವನು ಕೇಳಿಸಿಕೊಂಡು, "ಹೋಗ್ಲಿ ಬುಡಿ, ಈಗೇನು," ಎಂದ.

ಪೆಟ್ಟಿಗೆ ಈಗಲೂ ನನ್ನ ಬಳಿ ಇದೆ. ಪೊಟ್ಟಣಗಳು ಒಂದರಿಂದ ನೂರ ಹದಿನೆಂಟರವರೆಗೆ ಸಾಲಾಗಿವೆ. ವಿಚಾರಿಸಿ ಹುಡುಕಿ ಕೊಟ್ಟ ಆ ಎರಡು ಖಾಲಿ. ನಲವತ್ತಮೂರನೆಯದೂ ಖಾಲಿ. ಆ ಭಾನುವಾರ ಸ್ನಾನ ಮುಗಿಸಿ ಬಂದು ಅದರ ಮೇಲೆ ನನ್ನ ನಂಬರನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದು ಕೆಳಗೆ ಮೂರು ಚುಕ್ಕೆ ಇಟ್ಟಿದ್ದೆ. ಐವತ್ತೊಂದನೆಯದೂ ಖಾಲಿ. ಅದರ ಮೇಲೆ ಏನು ಬರೆಯಬೇಕೆಂದು ಯಜಮಾನರಿಗೆ ಗೊತ್ತಿತ್ತು, ನಾನು ಕೇಳಲಿಲ್ಲ.